‘ನಾಳೆಯಿಂದ ಬರಬೇಡ’ ಅಂದಿದ್ದಕ್ಕೆ ಎರಡೂವರೆ ವರ್ಷ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಮೆಷಿನ್ ಶಾಪ್ ಇದೆ. ಸಿಎನ್‌ಸಿ, ಅಂದ್ರೆ ಕಂಪ್ಯೂಟರ್‌ನಿಂದ ನಡೆಯೋ ಮೆಷಿನ್‌ನಲ್ಲಿ ಬೇರೆ ಕಂಪನಿಗಳಿಗೆ ಜಾಬ್ ವರ್ಕ್ ಮಾಡ್ತೀವಿ, ಆಗ ಎಲ್ಲಾ ಸೇರಿ 34 ಜನ ಇದ್ವಿ. 2019ರ ಸೆಪ್ಟೆಂಬರ್‌ನಲ್ಲಿ ಒಬ್ಬ ಆಪರೇಟರ್‌ನ ಕೆಲಸದಿಂದ ತೆಗೆದೆ. ಹೆಸರು ಬೇಡ, ಏಳು ವರ್ಷ ನಮ್ಮಲ್ಲೇ ಇದ್ದವನು, ಒಳ್ಳೇ ಕೈ. ಆ ದಿನ ಒಂದು ಬ್ಯಾಚ್ ಪೂರ್ತಿ ರಿಜೆಕ್ಟ್ ಆಯ್ತು, ಸೂಪರ್‌ವೈಸರ್ ಬೈದ್ರು, ಇವನು ತಿರುಗಿ ಮಾತಾಡಿದ, ತಳ್ಳಾಟ ಆಯ್ತು ಅಂತ ನನಗೆ ಫೋನ್ ಬಂತು. ನಾನು ಕಸ್ಟಮರ್ ಹತ್ರ ಆ ರಿಜೆಕ್ಷನ್ ಬಗ್ಗೆನೇ ಮಾತು ಕೇಳಿಸ್ಕೊಂಡು ವಾಪಸ್ ಬರ್ತಿದ್ದೆ, ತಲೆ ಬಿಸಿ ಆಗಿತ್ತು, ಅವನಿಗೆ ಫೋನ್ ಮಾಡಿ ‘ನಾಳೆಯಿಂದ ಬರಬೇಡ’ ಅಂದೆ, ಸಾಲದು ಅಂತ ರಾತ್ರಿ ವಾಟ್ಸಾಪ್‌ನಲ್ಲೂ ಅದನ್ನೇ ಕಳಿಸ್ದೆ. ಮಾರನೇ ದಿನ ಗೇಟ್ ಹತ್ರ ಬಂದವನನ್ನ ಸೆಕ್ಯೂರಿಟಿ ಒಳಗೆ ಬಿಡಲಿಲ್ಲ. ‘ಲಾಕರ್‌ನಲ್ಲಿ ನನ್ನ ಸ್ವಂತ ವರ್ನಿಯರ್ ಇದೆ, ಅದನ್ನಾದ್ರೂ ತಗೊಂಡು ಹೋಗ್ತೀನಿ’ ಅಂದ್ನಂತೆ (ವರ್ನಿಯರ್ ಅಂದ್ರೆ ಸೈಜ್ ಅಳೆಯೋ ಸಾಧನ), ಅದಕ್ಕೂ ನಾನು ಬೇಡ ಅಂದಿದ್ದೆ. ಆ ತಿಂಗಳು ಅವನು ಕೆಲಸ ಮಾಡಿದ್ದ 19 ದಿನದ ಸಂಬಳವನ್ನೂ ತಡೆದೆ. ಬಂದು ತಪ್ಪಾಯ್ತು ಅನ್ನಲಿ, ಆಮೇಲೆ ಕೊಡೋಣ ಅಂತ.

ಅವನು ಬರಲಿಲ್ಲ. ಮೂರು ವಾರ ಆದ್ಮೇಲೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಒಂದು ಲೆಟರ್ ಬಂತು, ಆಮೇಲೆ ಕಾರ್ಮಿಕ ಇಲಾಖೆಯಿಂದ ರಾಜಿ ಸಂಧಾನಕ್ಕೆ ಹಾಜರಾಗಿ ಅಂತ ನೋಟಿಸ್.

ಆಗ ನಾನು ಮಾಡಿದ ಮೊದಲ ಕೆಲಸ ಅಂದ್ರೆ ಪರಿಚಯದವರನ್ನ ಕೇಳಿದ್ದು. ನಮ್ಮ ಥರದ ಸಣ್ಣ ಕಂಪನಿಯವರು ಎಲ್ಲರೂ ಮಾಡೋದು ಇದನ್ನೇ. ಅಕೌಂಟ್ಸ್ ನೋಡೋರು ಹೇಳಿದ್ರು, ನಿಮ್ಮದು 50 ಜನರಿಗಿಂತ ಕಮ್ಮಿ, ನಿಮಗೆ ಲೇಬರ್ ಲಾ ಅಪ್ಲೈ ಆಗಲ್ಲ ಬಿಡಿ ಅಂತ. ಪಕ್ಕದ ಯೂನಿಟ್‌ನವರು, ಅವನಾಗೇ ಕೆಲಸ ಬಿಟ್ಟು ಹೋದ ಅಂತ ಹಿಂದಿನ ಡೇಟ್ ಹಾಕಿ ಎರಡು ಲೆಟರ್ ರೆಡಿ ಮಾಡಿಟ್ಕೊಳ್ಳಿ ಅಂದ್ರು. ಜಮೀನು ಕೇಸ್ ನೋಡ್ತಿದ್ದ ಪರಿಚಯದ ವಕೀಲರೊಬ್ಬರು, ಅವನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಿ, ತಾನಾಗೇ ದಾರಿಗೆ ಬರ್ತಾನೆ ಅಂದ್ರು. ಮೂರೂ ತಪ್ಪು ಸಲಹೆ. ನಾನು ಎರಡನೇದನ್ನ ಮಾಡೋಕೆ ಲೆಟರ್‌ಹೆಡ್ ತೆಗೆದು ಟೈಪ್ ಮಾಡಿಸಿಯೂ ಆಗಿತ್ತು.

ಅಷ್ಟರಲ್ಲಿ ನಮ್ಮ ಕಸ್ಟಮರ್ ಕಂಪನಿಯ ಎಚ್‌ಆರ್ ಒಬ್ಬರು, ಬರೀ ಲೇಬರ್ ಕೇಸ್ ನಡೆಸೋ ಒಬ್ಬ ಮೇಡಂ ಹತ್ರ ಕಳಿಸಿದ್ರು. ಮೂವತ್ತು ವರ್ಷದಿಂದ ಮ್ಯಾನೇಜ್‌ಮೆಂಟ್ ಕಡೆಗೆ ಕೇಸ್ ನಡೆಸ್ತಿರೋರು. ನಾನು ಹೋಗಿ ಕೂತು ಅವನು ಏನೇನು ಮಾಡ್ದ ಅಂತ ಹತ್ತು ನಿಮಿಷ ಹೇಳ್ದೆ. ಪೂರ್ತಿ ಕೇಳಿಸ್ಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅವನಿಗೆ ಬರವಣಿಗೆಯಲ್ಲಿ ಏನು ಕೊಟ್ಟಿದ್ದೀರಿ? ಅವನು ಏನು ಉತ್ತರ ಕೊಟ್ಟ?’

ಏನೂ ಕೊಟ್ಟಿರಲಿಲ್ಲ. ಏಳು ವರ್ಷದಲ್ಲಿ ಅಪಾಯಿಂಟ್‌ಮೆಂಟ್ ಲೆಟರ್ ಕೂಡ ಕೊಟ್ಟಿರಲಿಲ್ಲ. ಹಿಂದೆ ಎರಡು ಸಲ ಲೇಟ್ ಬಂದಿದ್ದಕ್ಕೆ ಬೈದಿದ್ದೆ, ಅದೂ ಬಾಯಲ್ಲಿ. ಮಸ್ಟರ್ ರೋಲ್ (ಹಾಜರಿ ಪುಸ್ತಕ), ಸಂಬಳದ ರಿಜಿಸ್ಟರ್, ಪಿಎಫ್, ಇಎಸ್‌ಐ ಮಾತ್ರ ಸರಿಯಾಗಿತ್ತು. ವಾಟ್ಸಾಪ್ ಮೆಸೇಜ್ ತೋರಿಸ್ದೆ. ಆ ಹಿಂದಿನ ಡೇಟ್‌ನ ಲೆಟರ್‌ಗಳನ್ನೂ ತೋರಿಸ್ದೆ. ಮೇಡಂ ಅದನ್ನ ವಾಪಸ್ ನನ್ನ ಕಡೆ ತಳ್ಳಿ ಹೇಳಿದ್ರು, ‘ಇದನ್ನ ಫೈಲ್ ಮಾಡೋದಾದ್ರೆ ನಾನು ನಿಮ್ಮ ಕೇಸ್ ತಗೊಳ್ಳಲ್ಲ. ಬರಬೇಡ ಅಂತ ನೀವೇ ಬರೆದಿರೋ ಮೆಸೇಜ್ ಅವನ ಫೋನಲ್ಲಿದೆ, ಅವನೇ ಬಿಟ್ಟು ಹೋದ ಅಂತ ಕೋರ್ಟಲ್ಲಿ ಹೇಗೆ ಹೇಳ್ತೀರಿ? ನಿಜವಾಗ್ಲೂ ಅವನೇ ಬಿಟ್ಟು ಹೋಗಿದ್ರೂ ಸುಮ್ನೆ ಹೆಸರು ಹೊಡೆದು ಹಾಕೋ ಹಾಗಿಲ್ಲ, ಕರೆದು ಕೇಳ್ಬೇಕು.’ 1993ರಲ್ಲೇ ಡಿ.ಕೆ. ಯಾದವ್ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ ಅಂತ ಆಮೇಲೆ ತೋರಿಸಿದ್ರು.

50 ಜನರ ವಿಷಯ ಎಲ್ಲಿಂದ ಬಂತು ಅಂತಾನೂ ಅವತ್ತೇ ಗೊತ್ತಾಯ್ತು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಪೀಣ್ಯದಲ್ಲಿ ಅರ್ಧ ಜನ ಹೀಗೇ ನಂಬಿದ್ದಾರೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಲೇ-ಆಫ್ ಪರಿಹಾರಕ್ಕೆ, ಅಂದ್ರೆ ಕೆಲಸ ಇಲ್ಲ ಅಂತ ತಾತ್ಕಾಲಿಕವಾಗಿ ಕೂರಿಸಿದಾಗ ಕೊಡೋ ದುಡ್ಡಿಗೆ, 50 ಜನ ಅನ್ನೋ ಲೆಕ್ಕ ಇತ್ತು. ಆದ್ರೆ ಒಬ್ಬನನ್ನ ಕೆಲಸದಿಂದ ತೆಗೆಯೋಕೆ ಸಂಬಂಧಪಟ್ಟ 25ಎಫ್ ಸೆಕ್ಷನ್‌ಗೆ ಆ ಲೆಕ್ಕ ಇರಲಿಲ್ಲ, ಐದು ಜನ ಇದ್ರೂ ಒಂದೇ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ರೆ ಅವನನ್ನ ತೆಗೆಯೋ ಮುಂಚೆ ಒಂದು ತಿಂಗಳ ನೋಟಿಸ್ ಅಥವಾ ಒಂದು ತಿಂಗಳ ಸಂಬಳ, ಜೊತೆಗೆ ಪ್ರತೀ ಪೂರ್ತಿ ವರ್ಷಕ್ಕೆ 15 ದಿನದ ಸಂಬಳ ಕೊಡ್ಬೇಕು. ತೆಗೆಯೋ ಮುಂಚೆ, ಆಮೇಲಲ್ಲ. ಅದೂ ಕೆಲಸ ಕಮ್ಮಿ ಆಯ್ತು ಅನ್ನೋ ಥರದ ಕಾರಣಕ್ಕೆ, ಆಗಲೂ ಕೊನೆಗೆ ಸೇರಿದವರು ಮೊದಲು ಹೋಗ್ಬೇಕು. ತಪ್ಪು ಮಾಡಿದ ಅಂತ ಶಿಕ್ಷೆಯಾಗಿ ತೆಗೆಯೋದಾದ್ರೆ ದಾರಿನೇ ಬೇರೆ: ಚಾರ್ಜ್ ಶೀಟ್ (ಆರೋಪ ಏನು ಅಂತ ಬರೆದು ಕೊಡೋ ಪತ್ರ), ಉತ್ತರಕ್ಕೆ ಟೈಮ್, ಎನ್‌ಕ್ವೈರಿ, ರಿಪೋರ್ಟ್, ಆ ರಿಪೋರ್ಟ್ ಮೇಲೆ ಮತ್ತೆ ಅವನ ಮಾತು, ಅದಾದ್ಮೇಲೆ ಆರ್ಡರ್. ನಾನು ಇವೆರಡರಲ್ಲಿ ಯಾವ ದಾರಿಯಲ್ಲೂ ಹೋಗಿರಲಿಲ್ಲ.

ಅವನ ಸಂಬಳ ತಿಂಗಳಿಗೆ 19,500 ರೂಪಾಯಿ. ಮೇಡಂ ಒಂದು ಹಾಳೆ ತಗೊಂಡು ಲೆಕ್ಕ ಹಾಕಿದ್ರು, ಕೇಸ್ ನಾಲ್ಕು ವರ್ಷ ಹಿಡಿದು ನಾವು ಸೋತ್ರೆ ಹಿಂಬಾಕಿ ಸಂಬಳವೇ 9,36,000, ಮೇಲೆ ಅವನು ಮತ್ತೆ ಕೆಲಸಕ್ಕೆ. ಹೈಕೋರ್ಟ್‌ಗೆ ಹೋದ್ರೆ ಅಲ್ಲಿ ಮುಗಿಯೋ ತನಕ ಅದೇ ಕಾಯ್ದೆಯ 17ಬಿ ಅಡಿ, ಅವನು ಬೇರೆಲ್ಲೂ ಕೆಲಸಕ್ಕೆ ಸೇರಿರದಿದ್ರೆ, ಕೊನೆಗೆ ತಗೊಂಡಿದ್ದ ಸಂಬಳ ತಿಂಗಳು ತಿಂಗಳು ಕೊಡ್ತಾ ಇರ್ಬೇಕು, ನಮ್ಮಲ್ಲಿ ಒಂದು ದಿನ ಕೆಲಸ ಮಾಡದೇ ಇದ್ರೂ. ನನಗೆ ಗಂಟಲು ಒಣಗಿತು. ‘ಮೊದಲು ಆ 19 ದಿನದ ದುಡ್ಡು ಇವತ್ತೇ ಅವನ ಅಕೌಂಟ್‌ಗೆ ಹಾಕಿ, ಅದು ಅವನು ದುಡಿದಿದ್ದು, ನಿಮ್ಮದಲ್ಲ’ ಅಂದ್ರು. ಕೆಲಸದಿಂದ ತೆಗೆದ್ರೆ ಎರಡನೇ ವರ್ಕಿಂಗ್ ಡೇ ಮುಗಿಯೋದ್ರೊಳಗೆ ಸಂಬಳ ಕೊಡ್ಬೇಕು ಅಂತ ವೇತನ ಪಾವತಿ ಕಾಯ್ದೆಯಲ್ಲಿ ಆಗಲೇ ಇತ್ತಂತೆ. 14,250 ರೂಪಾಯಿ, ಅವತ್ತು ಸಂಜೆ ಹಾಕ್ದೆ.

ಒಂದು ಮಾತು ಇಲ್ಲೇ ಹೇಳ್ಬೇಕು. ಇದೆಲ್ಲ ಹಳೇ ಕಾಯ್ದೆ ಕಾಲದ್ದು. 2025ರ ನವೆಂಬರ್ 21ರಿಂದ ನಾಲ್ಕು ಲೇಬರ್ ಕೋಡ್ ಜಾರಿಗೆ ಬಂದಿವೆ, ಸೆಕ್ಷನ್ ನಂಬರ್ ಎಲ್ಲ ಬದಲಾಗಿದೆ, ಆ ಎರಡು ವರ್ಕಿಂಗ್ ಡೇ ನಿಯಮ ಈಗ ರಾಜೀನಾಮೆ ಕೊಟ್ಟು ಹೋಗೋರಿಗೂ ಇದೆ. ಹಾಗಾಗಿ ನಾನು ಹೇಳೋ ನಂಬರ್‌ಗಳನ್ನ ಇಟ್ಕೊಂಡು ಯಾರೂ ಲೆಟರ್ ಡ್ರಾಫ್ಟ್ ಮಾಡ್ಬೇಡಿ, ನಿಮ್ಮ ವಕೀಲರನ್ನ ಕೇಳಿ.

ರಾಜಿ ಸಂಧಾನಕ್ಕೆ ಮೇಡಂ ಬರಲಿಲ್ಲ, ಬರೋ ಹಾಗೂ ಇರಲಿಲ್ಲ. ಸಂಧಾನದ ಹಂತದಲ್ಲಿ ವಕೀಲರು ಯಾರ ಪರವಾಗಿಯೂ ನಿಲ್ಲೋ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇತ್ತು. ಹಿಂದಿನ ದಿನ ಎರಡು ಗಂಟೆ ಕೂರಿಸ್ಕೊಂಡು ಏನು ಹೇಳ್ಬೇಕು, ಏನು ಹೇಳ್ಬಾರ್ದು ಅಂತ ತಯಾರು ಮಾಡಿದ್ರು. ಅಧಿಕಾರಿ ಎದುರು ಒಂದು ಕಡೆ ನಾನು, ಇನ್ನೊಂದು ಕಡೆ ಅವನು ಮತ್ತೆ ಯೂನಿಯನ್‌ನ ಒಬ್ಬರು. ಅವನು ಕೇಳಿದ್ದು ಒಂದೇ. ‘ದುಡ್ಡು ಬೇಡ ಸಾರ್, ಕೆಲಸ ಕೊಡಿ, ಮಕ್ಕಳು ಸ್ಕೂಲಿಗೆ ಹೋಗ್ತಿದ್ದಾರೆ.’

ಮೇಡಂ ನನಗೆ ಮೊದಲೇ ಹೇಳಿದ್ರು, ಅವನು ಕೆಲಸ ಕೇಳಿದ್ರೆ ಒಪ್ಕೊಳ್ಳಿ, ಒಳಗೆ ತಗೊಳ್ಳಿ, ಆಮೇಲೆ ಆ ತಳ್ಳಾಟದ ಬಗ್ಗೆ ಕ್ರಮವಾಗಿ ಚಾರ್ಜ್ ಶೀಟ್ ಕೊಟ್ಟು ಎನ್‌ಕ್ವೈರಿ ಮಾಡಿ, ತಪ್ಪು ಸಾಬೀತಾದ್ರೆ ಆಗ ಏನು ಶಿಕ್ಷೆ ಅಂತ ನೋಡೋಣ ಅಂತ. ಇದು ಅವರು ನನಗೆ ಕೊಟ್ಟ ಅತ್ಯಂತ ಬೆಲೆಬಾಳೋ ಸಲಹೆ, ನಾನು ಕೇಳಲಿಲ್ಲ. ಅವನನ್ನ ವಾಪಸ್ ತಗೊಂಡ್ರೆ ನನ್ನ ಸೂಪರ್‌ವೈಸರ್ ಮುಖ ಏನಾಗತ್ತೆ, ಉಳಿದವರು ನನ್ನ ಮಾತು ಕೇಳ್ತಾರಾ ಅನ್ನೋದೇ ತಲೆಯಲ್ಲಿ ಓಡ್ತಿತ್ತು. ಒಂದು ಲಕ್ಷ ಕೊಡ್ತೀನಿ, ಕೆಲಸ ಮಾತ್ರ ಇಲ್ಲ ಅಂದೆ. ಮೂರು ಸಿಟ್ಟಿಂಗ್ ಆಯ್ತು, ಮೂರೂ ಸಲ ಅದೇ ಮಾತು, ಸಂಧಾನ ಮುರಿದು ಬಿತ್ತು.

2020ರ ಜನವರಿಯಲ್ಲಿ ಅವನು ಸೀದಾ ಲೇಬರ್ ಕೋರ್ಟ್‌ಗೆ ಹೋದ. ಕರ್ನಾಟಕದ ತಿದ್ದುಪಡಿಯಲ್ಲಿ 10(4ಎ) ಅಂತ ಇತ್ತು, ಕೆಲಸದಿಂದ ತೆಗೆದ ಆರು ತಿಂಗಳೊಳಗೆ ಕಾರ್ಮಿಕನು, ಸರ್ಕಾರವೇ ವಿವಾದವನ್ನ ಕೋರ್ಟ್‌ಗೆ ಕಳಿಸೋ ತನಕ (ರೆಫರೆನ್ಸ್) ಕಾಯದೇ, ನೇರವಾಗಿ ಕೋರ್ಟ್‌ಗೆ ಹೋಗಬಹುದಿತ್ತು. ಅಲ್ಲಿ ಅವನು ಒಂದನೇ ಪಾರ್ಟಿ, ನಾನು ಎರಡನೇ ಪಾರ್ಟಿ. ಲೇಬರ್ ಕೋರ್ಟಲ್ಲಿ ವಕೀಲರು ನಿಲ್ಲೋಕೂ ಎದುರು ಪಾರ್ಟಿ ಒಪ್ಪಿಗೆ ಮತ್ತೆ ಕೋರ್ಟಿನ ಅನುಮತಿ ಬೇಕಿತ್ತು, ಅವನ ಕಡೆಗೂ ವಕೀಲರು ಇದ್ದಿದ್ದರಿಂದ ಅದೇನೂ ತೊಂದರೆ ಆಗಲಿಲ್ಲ.

ನಮ್ಮ ಆಕ್ಷೇಪಣೆ ಡ್ರಾಫ್ಟ್ ಮಾಡುವಾಗ ಮೇಡಂ ಕೊನೆಯಲ್ಲಿ ಒಂದು ಪ್ಯಾರಾ ಸೇರಿಸಿದ್ರು: ಎನ್‌ಕ್ವೈರಿ ಮಾಡದೇ ಇದ್ರೂ ಅವನ ತಪ್ಪನ್ನ ಕೋರ್ಟ್ ಮುಂದೆ ಸಾಕ್ಷಿ ಸಮೇತ ತೋರಿಸೋಕೆ ನಮಗೆ ಅವಕಾಶ ಕೊಡಿ ಅಂತ. ನನಗೆ ಅದು ಫಾರ್ಮಾಲಿಟಿ ಥರ ಕಾಣ್ತು. ಆಮೇಲೆ ತಿಳೀತು, ಅದನ್ನ ಮೊದಲ ಸ್ಟೇಟ್‌ಮೆಂಟ್‌ನಲ್ಲೇ ಕೇಳ್ಬೇಕು, ಆಮೇಲೆ ನೆನಪಾದಾಗ ಕೇಳ್ತೀನಿ ಅಂದ್ರೆ ಆಗಲ್ಲ. 2001ರಲ್ಲಿ ನಮ್ಮ ಕೆಎಸ್‌ಆರ್‌ಟಿಸಿಯ ಲಕ್ಷ್ಮೀದೇವಮ್ಮ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ ಇದನ್ನ ತೀರ್ಮಾನ ಮಾಡಿದೆ. ಜಮೀನು ಕೇಸ್ ವಕೀಲರ ಹತ್ರ ನಾನು ಹೋಗಿದ್ರೆ ಆ ಒಂದು ಪ್ಯಾರಾ ತಪ್ಪಿ ಹೋಗೋ ಸಾಧ್ಯತೆ ಇತ್ತು, ಅಲ್ಲಿಗೆ ನಮ್ಮ ಕಡೆ ಹೇಳೋಕೆ ಏನೂ ಉಳೀತಿರಲಿಲ್ಲ. ಲೇಬರ್ ಲಾ ಗೊತ್ತಿರೋ ವಕೀಲರೇ ಬೇಕು ಅಂತ ನಾನು ಒತ್ತಿ ಹೇಳೋದು ಇದಕ್ಕೇ.

ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಕೋರ್ಟ್ ನಿಂತಿತು. ನಮ್ಮ ಆರ್ಡರ್ ಕೂಡ ನಿಂತಿತು. ಸೂಪರ್‌ವೈಸರ್ ಊರಿಗೆ ಹೋದವರು ವಾಪಸ್ ಬರಲಿಲ್ಲ, ಅಲ್ಲೇ ಬೇರೆ ಕೆಲಸ ನೋಡ್ಕೊಂಡ್ರು. ಅವರೇ ನಮ್ಮ ಮುಖ್ಯ ಸಾಕ್ಷಿ. ಮುಖ ಉಳಿಸ್ಬೇಕು ಅಂತ ಯಾರಿಗೋಸ್ಕರ ನಾನು ಸಂಧಾನ ಮುರಿದೆನೋ ಅವರು ಸಾಕ್ಷಿ ಹೇಳೋಕೆ ಬರಲ್ಲ ಅಂದ್ರು. ಘಟನೆ ಆದ ವಾರದಲ್ಲೇ ಎನ್‌ಕ್ವೈರಿ ಮಾಡಿದ್ರೆ ಅವರ ಹೇಳಿಕೆ ಬರವಣಿಗೆಯಲ್ಲಿ ಇರ್ತಿತ್ತು, ಅವನು ಪಾಟೀ ಸವಾಲು ಮಾಡಿದ್ದೂ ಇರ್ತಿತ್ತು, ಜನ ಎಲ್ಲಿಗೇ ಹೋದ್ರೂ ಫೈಲ್ ಇರ್ತಿತ್ತು. ಎನ್‌ಕ್ವೈರಿ ಅಂದ್ರೆ ಕಾರ್ಮಿಕನಿಗೆ ಕೊಡೋ ರಿಯಾಯಿತಿ ಅಂದ್ಕೊಂಡಿದ್ದೆ ನಾನು, ಮಾಲೀಕನ ಕೈಯಲ್ಲಿರೋ ಸಾಕ್ಷಿನೂ ಅದೇ ಅಂತ ಅವತ್ತು ಅರ್ಥ ಆಯ್ತು.

ಹಾಗಾಗಿ 2021ರ ಕೊನೆಗೆ ನಾನೇ ಸಾಕ್ಷಿ ಕಟ್ಟೆ ಹತ್ತಿದೆ, ಎಂಡಬ್ಲ್ಯೂ-1, ಅಂದ್ರೆ ಮ್ಯಾನೇಜ್‌ಮೆಂಟ್‌ನ ಒಂದನೇ ಸಾಕ್ಷಿ. ನನ್ನ ಅಫಿಡವಿಟ್ ಎಂಟು ಪುಟ ಇತ್ತು. ಅವನ ವಕೀಲರು ವಯಸ್ಸಲ್ಲಿ ಚಿಕ್ಕವರು, ಧ್ವನಿ ಏರಿಸದೇ ಕೇಳ್ತಾ ಹೋದ್ರು. ತಳ್ಳಾಟ ನೀವು ಕಣ್ಣಾರೆ ನೋಡಿದ್ರಾ? ಇಲ್ಲ. ಸೂಪರ್‌ವೈಸರ್ ಬರವಣಿಗೆಯಲ್ಲಿ ದೂರು ಕೊಟ್ಟಿದ್ರಾ? ಇಲ್ಲ. ಒಂದನೇ ಪಾರ್ಟಿಗೆ ಶೋಕಾಸ್ ನೋಟಿಸ್ ಕೊಟ್ಟಿದ್ರಾ? ಇಲ್ಲ. ಅವರ ಹೇಳಿಕೆ ತಗೊಂಡಿದ್ರಾ? ಇಲ್ಲ. ಪ್ರತೀ ‘ಇಲ್ಲ’ವನ್ನೂ ಟೈಪ್ ಮಾಡ್ಕೊಳ್ತಿದ್ರು, ಆ ಟೈಪ್ ಸದ್ದು ಈಗಲೂ ಕಿವಿಯಲ್ಲಿದೆ. ಅವನು ಹಿಂದಿನ ಬೆಂಚಲ್ಲಿ ಕೂತಿದ್ದ, ಸಣ್ಣಗಾಗಿದ್ದ, ನನ್ನ ಕಡೆ ನೋಡ್ತಿರಲಿಲ್ಲ.

ಆಮೇಲೆ ಒಂದು ಪ್ರಶ್ನೆ ಬಂತು. ‘ಆ ಮೆಷಿನ್‌ನ ಇನ್ಸರ್ಟ್ ಸವೆದಿದೆ, ಬದಲಾಯಿಸಿ ಕೊಡಿ ಅಂತ ಒಂದನೇ ಪಾರ್ಟಿ ಆ ವಾರದಲ್ಲಿ ಮೂರು ಸಲ ಕೇಳಿದ್ರು, ಕೊಡಲಿಲ್ಲ, ಅದಕ್ಕೇ ಬ್ಯಾಚ್ ರಿಜೆಕ್ಟ್ ಆಯ್ತು ಅಂದ್ರೆ ಸರೀನಾ?’ ಗೊತ್ತಿಲ್ಲ ಅಂದೆ. ನಿಜವಾಗ್ಲೂ ಗೊತ್ತಿರಲಿಲ್ಲ.

ಮೆಷಿನ್ ಕೆಲಸ ಗೊತ್ತಿಲ್ಲದವರಿಗೆ ಹೇಳ್ತೀನಿ, ಇನ್ಸರ್ಟ್ ಅಂದ್ರೆ ಟೂಲ್ ತುದಿಯಲ್ಲಿ ಕೂರೋ ಸಣ್ಣ ಕಾರ್ಬೈಡ್ ತುಂಡು, ಲೋಹ ಕೊರೆಯೋದು ಅದೇ. ಅದು ಸವೆದ್ರೆ ಸೈಜ್ ಜಾರತ್ತೆ, ಫಿನಿಶ್ ಹೋಗತ್ತೆ, ಆಪರೇಟರ್ ಆಫ್‌ಸೆಟ್ ಕೊಟ್ಟು, ಅಂದ್ರೆ ಮೆಷಿನ್‌ನಲ್ಲಿ ಟೂಲ್ ಅಳತೆ ತಿದ್ದಿ, ಸ್ವಲ್ಪ ಹೊತ್ತು ಸರಿದೂಗಿಸಬಹುದು ಅಷ್ಟೇ. ಕೋರ್ಟಿಂದ ನೇರ ಫ್ಯಾಕ್ಟರಿಗೆ ಬಂದು ಟೂಲ್ ಸ್ಟೋರ್‌ನ ಹಳೇ ರಿಜಿಸ್ಟರ್ ಹುಡುಕಿಸ್ದೆ. 2019ರ ಪುಸ್ತಕ ಧೂಳು ಹಿಡಿದು ರ‍್ಯಾಕ್ ಮೇಲಿತ್ತು. ಆ ವಾರದ ಪುಟದಲ್ಲಿ ಅವನ ಕೈಬರಹ, ಮೂರು ಎಂಟ್ರಿ, ಮೆಷಿನ್ ನಂಬರ್, ಇನ್ಸರ್ಟ್ ನಂಬರ್, ಎದುರಿಗೆ ‘ಸ್ಟಾಕ್ ಇಲ್ಲ’ ಅಂತ ಸ್ಟೋರ್‌ನವರ ಸಹಿ. ಪರ್ಚೇಸ್‌ಗೆ ಅಪ್ರೂವಲ್ ಕೊಡ್ಬೇಕಾಗಿದ್ದು ನಾನು. ಕಸ್ಟಮರ್ ಪೇಮೆಂಟ್ ಬರಲಿ ಅಂತ ಆ ತಿಂಗಳು ತಡೆದಿದ್ದೆ.

ರಾತ್ರಿ ಹತ್ತೂವರೆಗೆ ಮೇಡಂಗೆ ಫೋನ್ ಮಾಡ್ದೆ. ಸ್ವಲ್ಪ ಹೊತ್ತು ಸುಮ್ನಿದ್ರು. ‘ಆ ರಿಜಿಸ್ಟರ್ ಅಲ್ಲೇ ಇರಲಿ, ಒಂದು ಹಾಳೆನೂ ಹರಿಯೋ ಹಾಗಿಲ್ಲ. ತಳ್ಳಿದ್ದು ತಪ್ಪೇ ಇರಬಹುದು, ಆದ್ರೆ ಏಳು ವರ್ಷದ ಸರ್ವೀಸ್‌ನಲ್ಲಿ ಈ ಒಂದು ತಪ್ಪಿಗೆ ಕೆಲಸದಿಂದಲೇ ತೆಗೆಯೋದು ಹೆಚ್ಚಾಯ್ತು ಅಂತ ಕೋರ್ಟ್ ಶಿಕ್ಷೆ ಕಮ್ಮಿ ಮಾಡಬಹುದು, ಆ ಅಧಿಕಾರ ಅದಕ್ಕಿದೆ. ಅಲ್ಲೀವರೆಗೂ ಹೋಗೋದು ಬೇಡ, ನೀವು ಸೆಟಲ್ ಮಾಡ್ಕೊಳ್ಳಿ’ ಅಂದ್ರು. ಈ ಸಲ ನಾನು ಎರಡನೇ ಮಾತಾಡಲಿಲ್ಲ.

ಕೇಸ್ ನಡೀತಿರುವಾಗಲೇ ಅವರು ನಮ್ಮ ಆಫೀಸನ್ನೂ ಸರಿ ಮಾಡ್ತಾ ಬಂದಿದ್ರು, ತಿಂಗಳಿಗೆ ಇಷ್ಟು ಅಂತ ರಿಟೇನರ್ ಮಾತಾಡ್ಕೊಂಡೆ. ಎಲ್ಲರಿಗೂ ಅಪಾಯಿಂಟ್‌ಮೆಂಟ್ ಲೆಟರ್ ಆಯ್ತು. ಹತ್ತು ಜನ ಇದ್ರೂ ಲೈಂಗಿಕ ಕಿರುಕುಳ ದೂರು ಕೇಳೋಕೆ ಆಂತರಿಕ ಸಮಿತಿ ಇರ್ಬೇಕು ಅಂತ 2013ರ ಕಾಯ್ದೆ ಹೇಳತ್ತೆ, ನಮ್ಮಲ್ಲಿ ಅದೂ ಇರಲಿಲ್ಲ, ಮಾಡಿಸಿದ್ರು. ಶೋಕಾಸ್, ಚಾರ್ಜ್ ಶೀಟ್ ಎಲ್ಲ ಕನ್ನಡದಲ್ಲಿ. ಇದಕ್ಕೆ ಅವರು ತುಂಬಾ ಹಟ ಹಿಡಿದ್ರು, ಓದೋಕೆ ಬರದ ಭಾಷೇಲಿ ಆರೋಪ ಕೊಟ್ರೆ ಅದು ಕೊಟ್ಟ ಹಾಗೇ ಅಲ್ಲ ಅಂತ. ಸಸ್ಪೆಂಡ್ ಮಾಡಿದ್ರೆ ಮೊದಲ 90 ದಿನ ಅರ್ಧ ಸಂಬಳ ಜೀವನಾಂಶ ಕೊಡ್ಬೇಕು, ಕೊಡದೇ ಎನ್‌ಕ್ವೈರಿ ನಡೆಸಿದ್ರೆ ಆ ಎನ್‌ಕ್ವೈರಿನೇ ಬಿದ್ದು ಹೋಗಬಹುದು, ಹಸಿದವನು ಹೇಗೆ ತನ್ನ ಪರ ವಾದ ಮಾಡ್ತಾನೆ ಅಂತ. ಎನ್‌ಕ್ವೈರಿ ಆಫೀಸರ್ ಹೊರಗಿನವರಾಗಿರಲಿ, ದೂರು ಕೊಟ್ಟವರೇ ತೀರ್ಪು ಕೊಡೋ ಹಾಗಿಲ್ಲ. ಅವನ ಜೊತೆ ಒಬ್ಬ ಸಹೋದ್ಯೋಗಿ ಕೂರೋಕೆ ಬಿಡಿ. ನನ್ನ ಕೈಗೆ ಒಂದು ನಿಯಮ ಕೊಟ್ರು, ಸಿಟ್ಟು ಬಂದ ದಿನ ಯಾರಿಗೂ ಮೆಸೇಜ್ ಮಾಡ್ಬೇಡಿ, ನನಗೆ ಮಾಡಿ.

ಸೆಟಲ್‌ಮೆಂಟ್ ಮಾತು ಒಂದೂವರೆ ತಿಂಗಳು ನಡೀತು. ವಾಪಸ್ ಕೆಲಸಕ್ಕೆ ಬಾ ಅಂತ ನಾನೇ ಕೇಳಿಸ್ದೆ, ಈ ಸಲ ಅವನೇ ಬೇಡ ಅಂದ. ಬೇರೆ ಕಡೆ ಸೇರಿದ್ದ, ಸಂಬಳ ಕಮ್ಮಿ, ಆದ್ರೆ ಮನೆ ಹತ್ರ. ಗ್ರಾಚ್ಯುಟಿ ಮೊದಲು ಬೇರೆ ತೆಗೆದಿಟ್ವಿ: ಬೇಸಿಕ್ ಮತ್ತೆ ಡಿಎ ಸೇರಿ 14,820, ಅದನ್ನ 26ರಿಂದ ಭಾಗಿಸಿ 15ರಿಂದ ಗುಣಿಸಿದ್ರೆ 8,550, ಏಳು ವರ್ಷಕ್ಕೆ 59,850. ಕೆಲಸ ಹೋದ 30 ದಿನದಲ್ಲಿ ಕೊಡಬೇಕಿದ್ದ ದುಡ್ಡು ಇದು, ಲೇಟ್ ಆದ್ರೆ ಬಡ್ಡಿ ಬೇರೆ. ಎಲ್ಲಾ ಸೇರಿ 4,60,000ಕ್ಕೆ ಒಪ್ಪಿಗೆ ಆಯ್ತು. ಲಾಕ್‌ಡೌನ್ ಹೊಡೆತದ ಮೇಲೆ ನನಗೆ ಅದು ಸಣ್ಣ ಮೊತ್ತ ಅಲ್ಲ, ಒಂದು ಹಳೇ ಲೇತ್ ಮಾರಿದೆ.

2022ರ ಮಾರ್ಚ್‌ನಲ್ಲಿ ಲೋಕ್ ಅದಾಲತ್‌ನಲ್ಲಿ ಜಾಯಿಂಟ್ ಮೆಮೊ, ಅಂದ್ರೆ ಇಬ್ಬರೂ ಸೇರಿ ಕೊಡೋ ರಾಜಿ ಪತ್ರ, ಹಾಕಿದ್ವಿ. ಅಲ್ಲಿ ರಾಜಿ ಆದ್ರೆ ಅದರ ಮೇಲೆ ಅಪೀಲ್ ಇಲ್ಲ, ಇಬ್ಬರಿಗೂ ಅಲ್ಲಿಗೆ ಮುಗೀತು. ಮೆಮೊ ಕನ್ನಡದಲ್ಲಿ ಓದಿ ಹೇಳಿದ್ರು, ಒತ್ತಾಯ ಏನೂ ಇಲ್ಲ ತಾನೇ ಅಂತ ಅವನನ್ನ ಕೇಳಿದ್ರು, ಇಲ್ಲ ಸ್ವಾಮಿ ಅಂದ, ಸಹಿ ಹಾಕ್ದ. ಡಿಡಿ ಕೈಗೆ ಕೊಟ್ಟೆ. ಅವನು ಇನ್ನೊಂದು ಕೇಳ್ದ: ಸರ್ವೀಸ್ ಸರ್ಟಿಫಿಕೇಟ್, ಏಳು ವರ್ಷ ಕೆಲಸ ಮಾಡಿದ್ದಕ್ಕೆ. ಮೇಡಂ ಅದನ್ನೂ ಮೊದಲೇ ಮಾಡಿಸಿ ಇಟ್ಟಿದ್ರು, ನಾನು ಅದರಲ್ಲಿ ‘ಸೆಟ್ಟರ್ ಕಮ್ ಆಪರೇಟರ್’ ಅಂತ ಸೇರಿಸಿದ್ದೆ, ಅವನು ಮಾಡ್ತಿದ್ದ ಕೆಲಸ ಅದೇ ಆಗಿತ್ತು.

ಹೊರಗೆ ಕಾರಿಡಾರ್‌ನಲ್ಲಿ ಬ್ಯಾಗಿಂದ ಅವನ ವರ್ನಿಯರ್ ತೆಗೆದು ಕೊಟ್ಟೆ. ಲಾಕರ್‌ನಲ್ಲಿ ಎಣ್ಣೆ ಬಟ್ಟೆ ಸುತ್ತಿದ ಹಾಗೇ ಇತ್ತು. ಇನ್ಸರ್ಟ್ ವಿಷಯ ನನಗೆ ಗೊತ್ತಿರಲಿಲ್ಲ, ಅವತ್ತು ನಿನ್ನನ್ನ ಕೇಳ್ಬೇಕಿತ್ತು ಅಂದೆ. ಅವನು ಸುತ್ತಿದ್ದ ಬಟ್ಟೆ ಬಿಚ್ಚಿ, ವರ್ನಿಯರ್‌ನ ದವಡೆ ಒಂದು ಸಲ ತೆಗೆದು ಮುಚ್ಚಿ ನೋಡ್ದ. ‘ಕೇಳಿದ್ರೆ ಹೇಳ್ತಿದ್ದೆ ಸಾರ್’ ಅಂದ. ವರ್ನಿಯರ್ ಮತ್ತೆ ಬಟ್ಟೆ ಸುತ್ತಿ ಬ್ಯಾಗಿಗೆ ಹಾಕ್ಕೊಂಡ, ಶಿಫ್ಟ್‌ಗೆ ಟೈಮ್ ಆಗತ್ತೆ ಅಂತ ಮೆಟ್ಟಿಲಿಳಿದು ಹೋದ.